ಧೋಂಡಿಯ ವಾಘ: ಹೈದರನ ರಾವುತ, ಶಿಕಾರಿಪುರ ಸೀಮೆಯ ಬಂಡಾಯಗಾರ

ಧೋಂಡಿಯ ವಾಘ (ಮರಣ: 10 ಸೆಪ್ಟೆಂಬರ್ 1800). ಮೈಸೂರಿನ ಹೈದರ್ ಅಲಿಯ ಕುದುರೆ ದಂಡಿನಲ್ಲಿ ಸಾಮಾನ್ಯ ರಾವುತನಾಗಿ ಸೇರಿ, ಮುಂದೆ ಟಿಪ್ಪು ಸುಲ್ತಾನನ ಸೆರೆಯಲ್ಲಿ ವರ್ಷಗಟ್ಟಲೆ ಕಳೆದು, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಶಿವಮೊಗ್ಗ, ಶಿಕಾರಿಪುರ, ಹೊನ್ನಾಳಿ ಸೀಮೆಯಲ್ಲಿ ದಂಡು ಕಟ್ಟಿ ಈಸ್ಟ್ ಇಂಡಿಯಾ ಕಂಪನಿಯನ್ನು ಹದಿನಾರು ತಿಂಗಳ ಕಾಲ ಎದುರಿಸಿದವನು. ಧೋಂಡೋಜಿ ವಾಘ, ಧೋಂಡ್ಯಾ ಎಂದೂ ಬರೆಯುತ್ತಾರೆ. ಕಂಪನಿಯ ಕಾಗದಪತ್ರಗಳಲ್ಲಿ ಅವನು ಬರಿಯ ದರೋಡೆಕೋರ. ಇತ್ತೀಚಿನ ಬರಹಗಳಲ್ಲಿ ಸ್ವಾತಂತ್ರ್ಯ ಹೋರಾಟದ ಮೊದಲ ಸಾಲಿನವ. ಈ ಎರಡು ಚಿತ್ರಗಳ ಗಲಾಟೆಯಲ್ಲಿ ಅವನ ಆರಂಭದ ಸೈನಿಕ ಜೀವನ ಹಿಂದೆ ಸರಿದಿದೆ. ಅವನು ಬಂಡಾಯ ನಡೆಸಿದ ರೀತಿ, ಗೆದ್ದದ್ದು, ಸೋತದ್ದು ಎಲ್ಲಕ್ಕೂ ಹೈದರನ ಲಾಯದಲ್ಲಿ ಕಲಿತ ಪಾಠವೇ ಮೂಲ ಎಂಬುದು ಈ ಲೇಖನದ ನಿಲುವು.

ಹುಟ್ಟಿದ ನೆಲ

ಧೋಂಡಿಯ ಚನ್ನಗಿರಿಯವನು. ಪವಾರ್ ಎಂಬ ಮರಾಠ ಮನೆತನಕ್ಕೆ ಸೇರಿದವನು. ಕೆಳದಿಯ ರಾಣಿ ಚೆನ್ನಮ್ಮಾಜಿಯ ಹೆಸರು ಹೊತ್ತ ಈ ಊರು ಹದಿನೆಂಟನೆಯ ಶತಮಾನದ ನಡುವಿನವರೆಗೂ ಕೆಳದಿ ಅರಸರದು. 1763ರಲ್ಲಿ ಹೈದರ್ ಕೆಳದಿಯ ರಾಜಧಾನಿ ಬಿದನೂರನ್ನು ಹಿಡಿದು ಅದಕ್ಕೆ ಹೈದರನಗರ ಎಂದು ಹೆಸರಿಟ್ಟ. ಇಂದಿನ ನಗರ ಎಂಬ ಊರಿನ ಹೆಸರು ಅದರ ಉಳಿಕೆ. ಕೆಳದಿಯ ಕಣಜ, ಖಜಾನೆ, ಕರಾವಳಿಯ ಬಂದರುಗಳೆಲ್ಲ ಒಂದೇ ಏಟಿಗೆ ಕೈಸೇರಿದ್ದರಿಂದಲೇ ಹೈದರ್ ದೊಡ್ಡ ದಂಡನ್ನು ಸಾಕಲು ಶಕ್ತನಾದ. ಬಿದನೂರು ತನ್ನ ಭಾಗ್ಯ ತೆರೆದ ಊರು ಎಂಬ ಭಾವನೆ ಅವನಿಗೆ ಕೊನೆಯವರೆಗೂ ಇತ್ತು. ಧೋಂಡಿಯನಂಥ ನೂರಾರು ಯುವಕರಿಗೆ ಈ ಬದಲಾವಣೆ ತಂದದ್ದು ಒಂದು ಕುದುರೆ, ಒಂದು ಕತ್ತಿ, ತಿಂಗಳ ಸಂಬಳ.

ಅವನ ಮುಂದಿನ ಕಥೆ ನಡೆಯುವ ಶಿಕಾರಿಪುರ, ಸೊರಬಗಳ ನೆಲದ ಗುಣವನ್ನೂ ಇಲ್ಲೇ ಹೇಳಬೇಕು. ಎರಡೂ ಅರೆಮಲೆನಾಡು. ಪಶ್ಚಿಮಕ್ಕೆ ಹೋದಂತೆ ಕಾಡು, ಗುಡ್ಡ, ಭತ್ತದ ಗದ್ದೆ, ಅಡಿಕೆ ತೋಟ. ಪೂರ್ವಕ್ಕೆ, ಉತ್ತರಕ್ಕೆ ಹೋದಂತೆ ಬಯಲು. ಶಿಕಾರಿಪುರದ ಬಳಿ ಹರಿಯುವ ಕುಮುದ್ವತಿ ಉತ್ತರಕ್ಕೆ ತಿರುಗಿ ಮಾಸೂರು, ರಟ್ಟಿಹಳ್ಳಿ ಕಡೆ ಹೋಗಿ ತುಂಗಭದ್ರೆಯನ್ನು ಸೇರುತ್ತದೆ. ಸೊರಬದ ದಂಡಾವತಿ ವರದೆಗೆ ಸೇರುತ್ತದೆ. ಸೊರಬದ ಉತ್ತರಕ್ಕೆ ಬನವಾಸಿ, ಹಾನಗಲ್ಲು. ಪಶ್ಚಿಮದಂಚಿನಲ್ಲಿ ಚಂದ್ರಗುತ್ತಿಯ ಬೆಟ್ಟದ ಕೋಟೆ. ಕುದುರೆ ಏರಿದವನಿಗೆ ಇಲ್ಲಿಂದ ಬಯಲಿಗೆ ನುಗ್ಗುವುದೂ ಸುಲಭ, ಕಾಡಿಗೆ ಜಾರುವುದೂ ಸುಲಭ. 1792ರ ನಂತರ ಇದಕ್ಕೆ ಇನ್ನೊಂದು ಅನುಕೂಲ ಸೇರಿತು: ಈ ತಾಲೂಕುಗಳ ಉತ್ತರದ ಗಡಿಯೇ ರಾಜ್ಯದ ಗಡಿಯಾಯಿತು. ಆಚೆಗೆ ಮರಾಠರ ಆಡಳಿತ.

ಹೈದರನ ಕುದುರೆ ದಂಡು

ಹೈದರ್ ಸ್ವತಃ ಕೆಳಗಿನಿಂದ ಬಂದ ಸಿಪಾಯಿ. 1749ರ ದೇವನಹಳ್ಳಿಯ ಮುತ್ತಿಗೆಯಲ್ಲಿ ಮೊದಲು ಕಣ್ಣಿಗೆ ಬಿದ್ದವನು. ಹಾಗಾಗಿ ಹುಟ್ಟಿಗಿಂತ ಕೆಲಸವನ್ನು ನೋಡಿ ದಂಡಿಗೆ ಸೇರಿಸಿಕೊಳ್ಳುವ ರೂಢಿ ಅವನದಾಗಿತ್ತು. ಮರಾಠರು, ಬೇಡರು, ಪಠಾಣರು, ದಖ್ಖನಿ ಮುಸಲ್ಮಾನರು, ಒಕ್ಕಲಿಗರು ಎಲ್ಲರೂ ಅವನ ಹಾಜರಿ ಪಟ್ಟಿಯಲ್ಲಿದ್ದರು.

ಕುದುರೆ ದಂಡಿನಲ್ಲಿ ಮುಖ್ಯವಾಗಿ ಎರಡು ಬಗೆ. ಸರ್ಕಾರಿ ಲಾಯದ ಕುದುರೆ ಏರಿದವರು ಒಂದು. ಇವರ ಕುದುರೆ, ಮೇವು, ಹತ್ಯಾರು ಎಲ್ಲವೂ ಸರ್ಕಾರದ್ದು. ಇನ್ನೊಂದು ಸಿಲ್ಲೇದಾರರು. ಸಿಲ್ಲೇದಾರ ತನ್ನದೇ ಕುದುರೆ, ತನ್ನದೇ ಕತ್ತಿ, ಈಟಿ ತರಬೇಕು; ಅದಕ್ಕೆ ತಕ್ಕಂತೆ ಸಂಬಳ. ಕುದುರೆ ಸತ್ತರೆ ಅವನ ಬದುಕೇ ಸತ್ತಂತೆ. ಆದ್ದರಿಂದ ಸಿಲ್ಲೇದಾರನ ಯುದ್ಧ ಲೆಕ್ಕಾಚಾರದ ಯುದ್ಧ: ಬಂದೂಕಿನ ಸಾಲಿಗೆ ಎದೆಯೊಡ್ಡಿ ನುಗ್ಗುವುದು ಅವನ ಜಾಯಮಾನವಲ್ಲ. ಶತ್ರುವಿನ ಮೇವು ಸುಡುವುದು, ಬಾವಿ ಕೆಡಿಸುವುದು, ಹೇರಿನೆತ್ತುಗಳನ್ನು ಹೊಡೆದುಕೊಂಡು ಹೋಗುವುದು, ಹಿಂದುಳಿದವರನ್ನು ಕತ್ತರಿಸುವುದು, ಎದುರಾಳಿ ತಿರುಗಿ ನಿಂತಾಗ ದೂಳೆಬ್ಬಿಸಿ ಮಾಯವಾಗುವುದು ಅವನ ಕಸುಬು. ಇವೆರಡರ ಜೊತೆಗೆ ಸಂಬಳವಿಲ್ಲದೆ ಸುಲಿಗೆಯ ಪಾಲಿಗಾಗಿಯೇ ಬರುವ ಸವಾರರೂ ಇದ್ದರು. ಸುಲಿಗೆಯನ್ನು ಲೆಕ್ಕದ ಪುಸ್ತಕಕ್ಕೆ ಹತ್ತಿಸಿ ಸರ್ಕಾರದ ಪಾಲು ವಸೂಲು ಮಾಡುವ ಪದ್ಧತಿಯನ್ನು ಹೈದರ್ ತನ್ನ ಆರಂಭದ ದಿನಗಳಲ್ಲೇ, ತನ್ನ ಲೆಕ್ಕಪತ್ರ ನೋಡುತ್ತಿದ್ದ ಖಂಡೇರಾಯನ ಜಾಣತನದ ನೆರವಿನಿಂದ, ಬೆಳೆಸಿದ್ದ. ಧೋಂಡಿಯ ಮುಂದೆ ಸುಲಿಗೆ ಮಾಡಿದ ಎಂದು ಮೂಗು ಮುರಿಯುವವರು ಅದು ಆಗ ರಾಜ್ಯವೇ ನಡೆಸುತ್ತಿದ್ದ ಇಲಾಖೆ ಎಂಬುದನ್ನು ಮರೆಯಬಾರದು.

ಈ ದಂಡು ಏನು ಮಾಡಬಲ್ಲುದೆಂದು ಕಂಪನಿಗೆ ಚೆನ್ನಾಗಿ ಗೊತ್ತಿತ್ತು. 1769ರಲ್ಲಿ ಹೈದರ್ ಕಾಲಾಳು, ಫಿರಂಗಿಗಳ ಭಾರವನ್ನು ಹಿಂದೆ ಬಿಟ್ಟು ಕುದುರೆಗಳನ್ನು ಓಡಿಸಿಕೊಂಡು ಮದರಾಸಿನ ಬಾಗಿಲಿಗೇ ಬಂದು ನಿಂತು ಒಪ್ಪಂದ ಬರೆಸಿಕೊಂಡ. 1780ರ ಸೆಪ್ಟೆಂಬರ್ 10ರಂದು ಕಂಚಿಯ ಹತ್ತಿರದ ಪೊಳ್ಳಿಲೂರಿನಲ್ಲಿ ಕರ್ನಲ್ ಬೇಲಿಯ ತುಕಡಿ ಮೈಸೂರಿನವರ ಕೈಯಲ್ಲಿ ನಾಶವಾಯಿತು. ಅದೇ ತಾರೀಖಿಗೆ, ಸರಿಯಾಗಿ ಇಪ್ಪತ್ತು ವರ್ಷಗಳ ನಂತರ, ಹೈದರನ ಹಳೆಯ ರಾವುತ ರಾಯಚೂರು ಸೀಮೆಯಲ್ಲಿ ಇಂಗ್ಲಿಷ್ ಕುದುರೆಗಳಿಗೆ ಸಿಕ್ಕಿ ಸತ್ತ. ಇದು ಬರಿಯ ಕಾಕತಾಳೀಯ. ಆದರೂ ಎರಡು ದಶಕಗಳಲ್ಲಿ ಯುದ್ಧ ಎಷ್ಟು ಬದಲಾಗಿತ್ತು ಎಂಬುದಕ್ಕೆ ಅಳತೆಗೋಲಾಗಿ ಉಪಯೋಗಕ್ಕೆ ಬರುತ್ತದೆ.

1782ರ ಡಿಸೆಂಬರ್ 7ರಂದು ಹೈದರ್ ತೀರಿಕೊಂಡ. ಟಿಪ್ಪುವಿಗೆ ಕಾಲಾಳು, ಫಿರಂಗಿ, ಕೋಟೆ ಕೆಲಸಗಳ ಮೇಲೆ ಹೆಚ್ಚು ನಂಬಿಕೆ. ತಂದೆಯ ಕಾಲದಲ್ಲಿ ದಂಡಿನ ಮುಂದಾಳಾಗಿದ್ದ ರಾವುತ ಮಗನ ಕಾಲದಲ್ಲಿ ಎರಡನೆಯ ಸ್ಥಾನಕ್ಕೆ ಇಳಿದ.

ದಂಡು ಬಿಟ್ಟದ್ದು

ಮೂರನೆಯ ಮೈಸೂರು ಯುದ್ಧ (1790–92) ಶಿವಮೊಗ್ಗ ಸೀಮೆಯನ್ನು ಹಿಂಡಿಹಾಕಿತು. ಪರಶುರಾಮ ಭಾವು ಪಟವರ್ಧನನ ಮರಾಠ ದಂಡೂ ಕ್ಯಾಪ್ಟನ್ ಲಿಟ್ಲನ ಕಂಪನಿ ತುಕಡಿಯೂ ಸೇರಿ 1791ರ ಡಿಸೆಂಬರ್ ಕೊನೆಯಲ್ಲಿ ಶಿವಮೊಗ್ಗದ ಬಳಿ ಟಿಪ್ಪುವಿನ ಸರದಾರನನ್ನು ಸೋಲಿಸಿ, ಹೊಸ ವರ್ಷದ ಮೊದಲ ದಿನಗಳಲ್ಲೇ ಕೋಟೆಯನ್ನು ವಶಪಡಿಸಿಕೊಂಡವು. ಅತ್ತ ಗವರ್ನರ್ ಜನರಲ್ ಕಾರ್ನ್‌ವಾಲಿಸ್ 1792ರ ಫೆಬ್ರುವರಿಯಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ. ಹತ್ತು ವರ್ಷ ಹಿಂದೆ, 1781ರ ಅಕ್ಟೋಬರಿನಲ್ಲಿ, ಇದೇ ಕಾರ್ನ್‌ವಾಲಿಸ್ ಯಾರ್ಕ್‌ಟೌನಿನಲ್ಲಿ ಜಾರ್ಜ್ ವಾಷಿಂಗ್ಟನ್ನನಿಗೆ ಶರಣಾಗಿದ್ದ. ಅಮೆರಿಕದಲ್ಲಿ ಕಳೆದುಕೊಂಡ ಮಾನವನ್ನು ಕಾವೇರಿ ದಡದಲ್ಲಿ ಗಳಿಸಿಕೊಂಡ ಎಂದರೆ ತಪ್ಪಾಗದು.

ಈ ಯುದ್ಧದ ಗೊಂದಲದಲ್ಲೇ ಧೋಂಡಿಯ ಮೈಸೂರಿನ ದಂಡನ್ನು ಬಿಟ್ಟ. ಕೈಗೆ ಸಿಕ್ಕ ಲೂಟಿಯನ್ನೂ ಕೆಲವು ಸವಾರರನ್ನೂ ಕಟ್ಟಿಕೊಂಡು ಲಕ್ಷ್ಮೇಶ್ವರ, ಸವಣೂರು ಸೀಮೆಯತ್ತ ಹೋದ. ಮುಳುಗುತ್ತಿರುವ ಕಡೆಯಿಂದ ಸಂಬಳವಿಲ್ಲದ ರಾವುತ ಹೊರಟುಹೋಗುವುದು ಆ ಕಾಲಕ್ಕೆ ಹೊಸದೇನೂ ಅಲ್ಲ. ಮಾಲೀಕನಿಗಿಂತ ಕುದುರೆಯ ಮೇವು ಮುಖ್ಯ. ಆದರೆ ಹೆಚ್ಚಿನವರು ಇನ್ನೊಬ್ಬ ಧಣಿಯನ್ನು ಹುಡುಕಿಕೊಂಡರೆ, ಧೋಂಡಿಯ ತಾನೇ ಧಣಿಯಾಗಲು ಹೊರಟ.

1792ರ ಮಾರ್ಚ್ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯವನ್ನು ಬಿಟ್ಟುಕೊಟ್ಟ. ಧಾರವಾಡ, ಸವಣೂರು, ಹಾವೇರಿ ಕಡೆಯ ನೆಲ ಮರಾಠರ ಪಾಲಾಯಿತು. ಆಡಳಿತ ಇನ್ನೂ ಬೇರು ಬಿಡದ ಈ ಹೊಸ ಗಡಿನಾಡಿನಲ್ಲಿ ಧೋಂಡಿಯ 1793ರ ಹೊತ್ತಿಗೆ ಹಾವೇರಿ, ಸವಣೂರುಗಳನ್ನು ಹಿಡಿದು ಕಪ್ಪ ವಸೂಲು ಮಾಡತೊಡಗಿದ. ಮರಾಠ ಪೇಶ್ವೆಯ ಪುಣೆಯಿಂದ ಧೋಂಡೋಪಂತ ಗೋಖಲೆಯ ದಂಡು ಬಂತು. 1794ರ ಹೊತ್ತಿಗೆ ಧೋಂಡಿಯನಿಗೆ ನಿಲ್ಲಲು ಜಾಗವಿಲ್ಲದಾಯಿತು. ಈ ಗೋಖಲೆಯೊಡನೆ ಬೆಳೆದ ಹಗೆ ಆರು ವರ್ಷ ಹೊಗೆಯಾಡಿತು.

ಸೆರೆ

ದಿಕ್ಕು ತೋಚದ ಧೋಂಡಿಯ ಹಳೆಯ ಮನೆಗೇ ಮರಳಿದ. ಸುಮಾರು ಇನ್ನೂರು ಸವಾರರೊಂದಿಗೆ ಶ್ರೀರಂಗಪಟ್ಟಣಕ್ಕೆ ಬಂದು ಟಿಪ್ಪುವಿನ ಆಶ್ರಯ ಕೇಳಿದ. ಮರಾಠರು ಕಿತ್ತುಕೊಂಡ ನೆಲವನ್ನು ಗೆದ್ದುಕೊಡುತ್ತೇನೆ ಎಂಬುದು ಅವನ ಮಾತು. ಟಿಪ್ಪುವಿಗೆ ಮರಾಠರೊಡನೆ ಆಗ ಜಗಳ ಬೇಕಿರಲಿಲ್ಲ. ಒಮ್ಮೆ ಕೈಕೊಟ್ಟು ಹೋದ ರಾವುತನ ಮೇಲೆ ನಂಬಿಕೆಯೂ ಇದ್ದಿರಲಾರದು. ಧೋಂಡಿಯನನ್ನು ಬಲವಂತದಿಂದ ಮತಾಂತರಿಸಿ ಶೇಖ್ ಅಹಮದ್ ಎಂದೂ ಆಮೇಲೆ ಮಲಿಕ್ ಜಹಾನ್ ಖಾನ್ ಎಂದೂ ಹೆಸರಿಟ್ಟರು. ಕೊನೆಗೆ ಸರಪಳಿ ತೊಡಿಸಿ ಸೆರೆಗೆ ಹಾಕಿದರು.

1799ರ ಮೇ 4ರಂದು ಕೋಟೆ ಬಿದ್ದು ಟಿಪ್ಪು ಮಡಿದ ದಿನ ಅವನು ಅಲ್ಲೇ ಇದ್ದ. ಊರು ಸೂರೆಯಾಗುತ್ತಿದ್ದ ಗಲಾಟೆಯಲ್ಲಿ ಇಂಗ್ಲಿಷ್ ಸೈನಿಕರು ಕನಿಕರದಿಂದ ಬಿಡುಗಡೆ ಮಾಡಿದರೆಂದು ಇತಿಹಾಸಕಾರ ಮಾರ್ಕ್ ವಿಲ್ಕ್ಸ್ ಬರೆಯುತ್ತಾನೆ. ತಾನೇ ತಪ್ಪಿಸಿಕೊಂಡನೆಂದು ಹೇಳುವವರೂ ಇದ್ದಾರೆ. ಹೇಗಾದರೂ ಅವನು ಹೊರಟದ್ದು ತನ್ನ ಹುಟ್ಟೂರಿನ ದಿಕ್ಕಿಗೆ.

1799ರ ಮಳೆಗಾಲ: ಶಿಕಾರಿಪುರ

ಟಿಪ್ಪುವಿನ ಪತನವಾದ ಮೇಲೆ ಕಂಪನಿ ಮೇಲಿನವರನ್ನು ಚೆನ್ನಾಗಿ ನೋಡಿಕೊಂಡಿತು. ಸುಲ್ತಾನನ ಮಕ್ಕಳಿಗೆ ವೇಲೂರಿನಲ್ಲಿ ಪಿಂಚಣಿ, ಅವನ ಸರದಾರ ಕಮರುದ್ದೀನ್ ಖಾನನಿಗೆ ಗುರ್ರಂಕೊಂಡದ ಜಹಗೀರು, ಪೂರ್ಣಯ್ಯನಿಗೆ ದಿವಾನಗಿರಿ. ಜೂನ್ 30ರಂದು ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾಯಿತು. ಆದರೆ ಸಾಮಾನ್ಯ ರಾವುತನಿಗೆ ಸಿಕ್ಕಿದ್ದು ಬಿಡುಗಡೆಯ ಮಾತು ಅಷ್ಟೇ. ಕುದುರೆ ಇದೆ, ಕತ್ತಿ ಇದೆ, ಸಂಬಳವಿಲ್ಲ, ಮಾಡಲು ಬೇರೆ ಕೆಲಸ ಗೊತ್ತಿಲ್ಲ. ಧೋಂಡಿಯ ಬಿದನೂರು ಸೀಮೆಗೆ ಬಂದಾಗ ಅವನ ಹಿಂದೆ ಬಂದದ್ದು ಈ ಜನ. ಅವನಿಗೆ ಅವರ ಭಾಷೆ ಗೊತ್ತಿತ್ತು, ಅವನೂ ಅವರಲ್ಲೊಬ್ಬ.

ಕೋಟೆಗಳ ಕಿಲ್ಲೇದಾರರಿಗೆ ಇನ್ನೂ ಹೊಸ ಸರ್ಕಾರದ ಅಂಜಿಕೆ ಹುಟ್ಟಿರಲಿಲ್ಲ. ಹಲವರು ಬಾಗಿಲು ತೆರೆದರು. ಕೆಲವೇ ವಾರಗಳಲ್ಲಿ ಶಿವಮೊಗ್ಗ, ಶಿಕಾರಿಪುರ, ಹೊನ್ನಾಳಿ, ಚನ್ನಗಿರಿ ಮೊದಲಾದವು ಅವನ ಕೈಸೇರಿದವು. ನಗರ ಪ್ರಾಂತ್ಯದ ಕಂದಾಯವೆಂದರೆ ಮೈಸೂರಿನ ಹೊಸ ಸರ್ಕಾರದ ಹೊಟ್ಟೆಪಾಡು. ಅದು ಹೋದರೆ ಕಂಪನಿಗೆ ವರ್ಷ ವರ್ಷ ಕಟ್ಟಬೇಕಾದ ಹಣವೂ ಹೋದಂತೆ. ಕಂಪನಿ ತಡಮಾಡದೆ ಎರಡು ತುಕಡಿಗಳನ್ನು ಕಳಿಸಿತು. ಕರ್ನಲ್ ಡಾಲ್ರಿಂಪಲ್ ಚಿತ್ರದುರ್ಗದ ಕಡೆಯಿಂದ, ಕರ್ನಲ್ ಸ್ಟೀವನ್‌ಸನ್ ಇನ್ನೊಂದು ಕಡೆಯಿಂದ ಬಂದರು. ಡಾಲ್ರಿಂಪಲ್ ಸಿಕ್ಕವರನ್ನು ನೇಣಿಗೇರಿಸುತ್ತ ಬಂದ. ಯುದ್ಧಕೈದಿಗಳೆಂಬ ಮರ್ಯಾದೆ ಇವರಿಗೆ ಅನ್ವಯಿಸುವುದಿಲ್ಲ ಎಂಬುದು ಮೊದಲ ದಿನದಿಂದಲೇ ಕಂಪನಿಯ ತೀರ್ಮಾನ. ದರೋಡೆಕೋರ ಎಂಬ ಪಟ್ಟ ಬರಿಯ ಬೈಗುಳವಲ್ಲ, ನೇಣಿಗೆ ಬೇಕಾದ ಕಾನೂನು.

ಆಗಸ್ಟ್ ಮೊದಲ ಭಾಗದಲ್ಲಿ ಶಿವಮೊಗ್ಗದ ಕೋಟೆ ಸ್ಟೀವನ್‌ಸನ್ನನ ವಶವಾಯಿತು, ಹೊನ್ನಾಳಿಯೂ ಹೋಯಿತು. ಆಗಸ್ಟ್ ಮಧ್ಯದಲ್ಲಿ ಶಿಕಾರಿಪುರದ ಬಳಿ ಧೋಂಡಿಯನ ದಂಡೇ ಸಿಕ್ಕಿಬಿತ್ತು. ಮಳೆಗಾಲ, ಹಿಂದೆ ತುಂಬಿದ ಹೊಳೆ, ಮುಂದೆ ಕವಾಯತು ಕಲಿತ ಕುದುರೆಪಡೆ. ಹೊಳೆಗೆ ಬಿದ್ದು ಹೋದವರು, ಕತ್ತಿಗೆ ಸಿಕ್ಕವರು ನೂರಾರು. ಕೋಟೆಯನ್ನೂ ದಾಳಿಯಿಟ್ಟು ಹಿಡಿದರು. ಧೋಂಡಿಯ ಮಾತ್ರ ತಪ್ಪಿಸಿಕೊಂಡು ಗಡಿ ದಾಟಿದ. ಪುಣೆಯ ಅಪ್ಪಣೆಯಿಲ್ಲದೆ ಮರಾಠರ ನೆಲಕ್ಕೆ ಕಾಲಿಡುವಂತಿರಲಿಲ್ಲವಾದ್ದರಿಂದ ಬೆನ್ನಟ್ಟಿದವರು ಗಡಿಯಲ್ಲೇ ನಿಂತರು. ಆಚೆ ಕಾದಿದ್ದವನು ಹಳೆಯ ಹಗೆ ಗೋಖಲೆ. ದಣಿದು ಬಂದ ದಂಡಿನ ಮೇಲೆ ಅವನು ಬಿದ್ದು ಉಳಿದ ಸಾಮಾನು ಸರಂಜಾಮನ್ನೂ ಕಿತ್ತುಕೊಂಡ.

ಈ ಸೋಲನ್ನು ಸ್ವಲ್ಪ ಬಿಡಿಸಿ ನೋಡಬೇಕು. ಹೈದರನ ದಂಡಿನಲ್ಲಿ ಸುಲಿಗೆಯ ಕುದುರೆಗಳ ಬೆನ್ನಿಗೆ ಕಾಲಾಳು ಇತ್ತು, ಫಿರಂಗಿ ಇತ್ತು, ಕಣಜ ತುಂಬಿದ ಕೋಟೆಗಳಿದ್ದವು, ಕಂದಾಯ ತರುವ ಅಮಲ್ದಾರರಿದ್ದರು. ರಾವುತ ಎಲ್ಲಿಗೆ ಓಡಿದರೂ ಮರಳಿ ಬರಲು ಒಂದು ಜಾಗವಿತ್ತು. ಧೋಂಡಿಯ ಆ ದೊಡ್ಡ ಯಂತ್ರದ ಒಂದು ಕೀಲನ್ನು ಮಾತ್ರ ಚೆನ್ನಾಗಿ ಬಲ್ಲವನು. ಶಿಕಾರಿಪುರದಲ್ಲಿ ಅವನು ಮೊದಲ ಬಾರಿಗೆ ಒಂದು ಸೀಮೆಯನ್ನು ಕೂತು ಕಾಯಲು ನೋಡಿದ. ಕೋಟೆ ಕಾಯುವುದು ಕಾಲಾಳಿನ ಕೆಲಸ, ಫಿರಂಗಿಯ ಕೆಲಸ. ಅವೆರಡೂ ಅವನಲ್ಲಿ ಕಡಿಮೆ. ಇಲ್ಲಿಂದ ಮುಂದೆ ಸಾಯುವವರೆಗೂ ಅವನು ಒಂದೇ ಕಡೆ ನಿಲ್ಲುವ ತಪ್ಪನ್ನು ಬೇಕೆಂದು ಮಾಡಲಿಲ್ಲ. ಬೇರೆಯವರು ಮಾಡಿಸುವವರೆಗೆ.

ಶಿಕಾರಿಪುರದಲ್ಲಿ ಅವನ ನೆನಪು ಸೋಲಿನ ನೆನಪಾಗಿ ಉಳಿದಿಲ್ಲ. ಊರಿನ ಹುಚ್ಚರಾಯಸ್ವಾಮಿ ದೇವಸ್ಥಾನಕ್ಕೆ, ಅಂದರೆ ಆಂಜನೇಯನಿಗೆ, ಧೋಂಡಿಯ ತನ್ನ ಖಡ್ಗವನ್ನು ಒಪ್ಪಿಸಿದನೆಂಬ ಪ್ರತೀತಿ ಇದೆ. ಸೆರೆಮನೆಯಲ್ಲಿ ಬಲವಂತವಾಗಿ ಧರ್ಮ ಬದಲಿಸಿಕೊಂಡವನು, ಮಗನಿಗೆ ಸಲಾಬತ್ ಖಾನ್ ಎಂದು ಹೆಸರಿಟ್ಟವನು, ಹನುಮಂತನಿಗೆ ಕತ್ತಿ ಕೊಟ್ಟನೆಂದು ಊರು ನೆನೆಯುವುದು ಆ ಕಾಲದ ಸಿಪಾಯಿ ಬದುಕಿಗೆ ಒಪ್ಪುವಂಥದೇ.

ಉಭಯ ಲೋಕಾಧೀಶ್ವರ

ಶಿಕಾರಿಪುರದ ಸೋಲಿನ ನಂತರದ ಕೆಲವು ತಿಂಗಳು ಅವನು ಕೊಲ್ಹಾಪುರದ ರಾಜನ ಚಾಕರಿಯಲ್ಲಿದ್ದು, ಜಗಳವಾಡಿ ಬಿಟ್ಟ. 1800ರ ಬೇಸಗೆಯಷ್ಟರಲ್ಲಿ ತುಂಗಭದ್ರೆ, ಮಲಪ್ರಭೆಗಳ ನಡುವಿನ ಬಯಲೆಲ್ಲ ಅವನ ಸವಾರರದಾಗಿತ್ತು. ಉಭಯ ಲೋಕಾಧೀಶ್ವರ, ಎಂದರೆ ಎರಡು ಲೋಕಗಳ ಒಡೆಯ, ಎಂಬ ಬಿರುದನ್ನು ಅವನು ಧರಿಸಿದ್ದು ಈ ಹೊತ್ತಿನಲ್ಲಿ. ಇಂಗ್ಲಿಷರು ಇದನ್ನು ನಗೆಪಾಟಲು ಮಾಡಿದರೂ ಕೇಳಬೇಕಾದವರು ಗಂಭೀರವಾಗಿಯೇ ಕೇಳಿಸಿಕೊಂಡರು. ಬಲಂ ಅಥವಾ ಐಗೂರಿನ ಕೃಷ್ಣಪ್ಪ ನಾಯಕ, ಮಲಬಾರಿನ ಪಳಶಿ ರಾಜ, ದಿಂಡಿಗಲ್ಲಿನ ಗೋಪಾಲ ನಾಯಕ, ಶಿವಗಂಗೆಯ ಮರುದು ಸೋದರರು ಮೊದಲಾದ ಕಂಪನಿ ವಿರೋಧಿಗಳಿಗೂ ಅವನಿಗೂ ಸಂಪರ್ಕ ಬೆಳೆಯಿತು. 1800ರ ಜೂನಿನಲ್ಲಿ ಕೊಯಮತ್ತೂರಿನ ಕೋಟೆಯ ಮೇಲೆ ದಾಳಿಗೆ ಹೊರಟವರೂ ಧೋಂಡಿಯನ ಕುದುರೆಗಳ ಬರವನ್ನು ನಂಬಿದ್ದರು. ಇತಿಹಾಸಕಾರ ಕೆ. ರಾಜಯ್ಯನ್ ಇವೆಲ್ಲವನ್ನೂ ಒಂದೇ ದಕ್ಷಿಣ ಭಾರತ ಬಂಡಾಯದ ಭಾಗಗಳಾಗಿ ಓದುತ್ತಾನೆ. ಆ ಹೆಣಿಗೆ ಅಷ್ಟು ಬಿಗಿಯಾಗಿತ್ತೇ ಎಂಬ ಸಂಶಯಕ್ಕೆ ಎಡೆಯಿದೆ. ಸಂಪರ್ಕವಿತ್ತು ಎಂಬುದರಲ್ಲಿ ಸಂಶಯವಿಲ್ಲ.

ಕಂಪನಿಯ ಕಡೆ ಈಗ ಮೈಸೂರಿನ ದಂಡಿನ ಹೊಣೆ ಆರ್ಥರ್ ವೆಲ್ಲೆಸ್ಲಿಯದು. ವಯಸ್ಸು 31. ಮುಂದೆ ವೆಲ್ಲಿಂಗ್ಟನ್ ಎಂದು ಹೆಸರಾಗಿ, 1815ರಲ್ಲಿ ವಾಟರ್ಲೂವಿನಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು ಇವನೇ. 1800ರ ಆ ಹೊತ್ತಿಗೆ ಜಾವಾ ದ್ವೀಪದ ಬಟೇವಿಯಾ ಮೇಲಿನ ದಂಡಯಾತ್ರೆಯ ನಾಯಕತ್ವ ಅವನಿಗೆ ಬಂದಿತ್ತು. ಅದನ್ನು ಬಿಟ್ಟುಕೊಟ್ಟು ಧೋಂಡಿಯನ ಬೆನ್ನು ಹತ್ತಿದ. ಸಿಕ್ಕಲ್ಲಿ ಹಿಡಿದು ಮೊದಲ ಮರಕ್ಕೇ ನೇತುಹಾಕಬೇಕೆಂದು ಮದರಾಸಿನಿಂದ ಆಜ್ಞೆ ಬಂದಿತ್ತು. ಈ ಬಾರಿ ಮರಾಠರ ನೆಲದೊಳಗೆ ಹೋಗಲು ಪುಣೆಯ ಒಪ್ಪಿಗೆಯೂ ಸಿಕ್ಕಿತ್ತು. ಶಿಕಾರಿಪುರ, ಸೊರಬಗಳ ಗಡಿ ಹಿಂದಿನ ವರ್ಷ ಕೊಟ್ಟ ರಕ್ಷಣೆ ಹೀಗೆ ಒಂದು ಕಾಗದದಿಂದ ಇಲ್ಲವಾಯಿತು.

ವೆಲ್ಲೆಸ್ಲಿ ಮಳೆಗಾಲವನ್ನೇ ಆರಿಸಿಕೊಂಡ. ತುಂಗಭದ್ರೆ, ಮಲಪ್ರಭೆ, ಕೃಷ್ಣೆಗಳು ತುಂಬಿದಾಗ ಕುದುರೆ ದಾಟಲಾರದು. ತನ್ನ ಬಳಿ ಚರ್ಮ ಹೊದಿಸಿದ ಹರಿಗೋಲುಗಳಿದ್ದರೆ ತಾನು ದಾಟಬಲ್ಲೆ ಎಂಬುದು ಅವನ ಲೆಕ್ಕ. ಪೂರ್ಣಯ್ಯ ಅಕ್ಕಿ, ಎತ್ತು, ಮೈಸೂರಿನ ಸಿಲ್ಲೇದಾರ ಕುದುರೆಗಳನ್ನು ಒದಗಿಸಿದ. ಲಂಬಾಣಿಗಳ ಹೇರಿನೆತ್ತುಗಳು ದವಸ ಹೊತ್ತವು. ಧೋಂಡಿಯನನ್ನು ಬೆನ್ನಟ್ಟಿದವರಲ್ಲಿ ಹೈದರನ ಪದ್ಧತಿಯ ರಾವುತರೇ ಇದ್ದರು ಎಂಬುದು ಈ ದಂಡಯಾತ್ರೆಯ ಕಹಿ ತಿರುವು.

1800ರ ಜೂನ್ 24ರ ಹೊತ್ತಿಗೆ ದಂಡು ಹರಿಹರದಲ್ಲಿ ತುಂಗಭದ್ರೆ ದಾಟಿತು. ಜೂನ್ 27ರಂದು ರಾಣೆಬೆನ್ನೂರನ್ನು ದಾಳಿಯಿಟ್ಟು ಹಿಡಿದು ಕಾವಲಿನವರನ್ನು ಕೊಂದರು. ಮೂರೇ ದಿನಗಳಲ್ಲಿ, ಜೂನ್ 30ರಂದು, ಧೋಂಡಿಯ ಕಿತ್ತೂರಿನ ಕಡೆ ಗೋಖಲೆಯ ದಂಡಿನ ಮೇಲೆ ಬಿದ್ದು ಗೋಖಲೆಯನ್ನೇ ಕೊಂದ. ಅವನ ರಕ್ತದಲ್ಲಿ ಮೀಸೆ ನೆನೆಸುತ್ತೇನೆಂಬ ಶಪಥವನ್ನು ಹೀಗೆ ತೀರಿಸಿಕೊಂಡನೆಂದು ಮರಾಠರ ಇತಿಹಾಸ ಬರೆದ ಗ್ರಾಂಟ್ ಡಫ್ ದಾಖಲಿಸಿದ್ದಾನೆ. ಸಿಲ್ಲೇದಾರ ಯುದ್ಧದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯಿಲ್ಲ: ಗಟ್ಟಿ ಶತ್ರುವನ್ನು ತಪ್ಪಿಸು, ಸಡಿಲ ಶತ್ರುವನ್ನು ಹುಡುಕಿ ಹೊಡೆ.

ಆದರೆ ಗಟ್ಟಿ ಶತ್ರು ಬಿಡಲಿಲ್ಲ. ಜುಲೈ 12ಕ್ಕೆ ಸವಣೂರು, 14ಕ್ಕೆ ಕುಂದಗೋಳ, 26ಕ್ಕೆ ಡಂಬಳ. ಏಣಿ ಹಚ್ಚಿ ಗೋಡೆ ಹತ್ತಿ ಒಂದೇ ದಿನದಲ್ಲಿ ಕೋಟೆ ಹಿಡಿಯುವ ರೀತಿ ಧೋಂಡಿಯನ ಲೆಕ್ಕದಲ್ಲಿ ಇರಲಿಲ್ಲ. ಹೈದರನ ಕಾಲದಲ್ಲಿ ಒಂದು ಸಣ್ಣ ಕೋಟೆಯೂ ಶತ್ರುವನ್ನು ವಾರಗಟ್ಟಲೆ ಹಿಡಿದಿಡುತ್ತಿತ್ತು. ಜುಲೈ 30ರಂದು ಮುನವಳ್ಳಿಯ ಬಳಿ ಮಲಪ್ರಭೆಯ ದಡದಲ್ಲಿ ಬೀಡುಬಿಟ್ಟಿದ್ದ ಅವನ ದಂಡಿನ ಮೇಲೆ ವೆಲ್ಲೆಸ್ಲಿ ಎರಗಿದ. ಹಿಂದಿನ ವರ್ಷ ಶಿಕಾರಿಪುರದಲ್ಲಿ ಆದದ್ದೇ ಇಲ್ಲೂ ಆಯಿತು: ಹಿಂದೆ ತುಂಬಿದ ಹೊಳೆ, ನೀರಿಗೆ ಬಿದ್ದ ಜನ, ದನ, ಒಂಟೆ.

ಆಗಸ್ಟ್ ಕೊನೆಗೆ ಮಲಪ್ರಭೆಯ ನೀರು ಅನಿರೀಕ್ಷಿತವಾಗಿ ಇಳಿದು ಧೋಂಡಿಯ ಮತ್ತೊಮ್ಮೆ ಪೂರ್ವಕ್ಕೆ, ನಿಜಾಮನ ನೆಲಕ್ಕೆ, ಜಾರಿದ. ಸ್ಟೀವನ್‌ಸನ್ನನ ತುಕಡಿ ಒಂದು ಕಡೆ, ವೆಲ್ಲೆಸ್ಲಿಯದು ಇನ್ನೊಂದು ಕಡೆ. ಇಂದಿನ ರಾಯಚೂರು ಸೀಮೆಯ ಕೋಣಗಲ್ಲಿನಲ್ಲಿ ಸೆಪ್ಟೆಂಬರ್ 10ರ ಬೆಳಿಗ್ಗೆ, ಆ ಕಡೆ ಶತ್ರುವಿಲ್ಲ ಎಂದುಕೊಂಡು ಹೊರಟಿದ್ದ ಅವನ ಸುಮಾರು 5000 ಸವಾರರಿಗೆ ವೆಲ್ಲೆಸ್ಲಿಯ ನಾಲ್ಕು ಕುದುರೆ ರೆಜಿಮೆಂಟುಗಳು ಎದುರಾದವು. ಎರಡು ಇಂಗ್ಲಿಷ್ ಡ್ರಾಗೂನ್ (ಕುದುರೆ ಸಿಪಾಯಿ) ರೆಜಿಮೆಂಟುಗಳು, ಎರಡು ದೇಶೀಯ ರೆಜಿಮೆಂಟುಗಳು. ವೆಲ್ಲೆಸ್ಲಿ ನಾಲ್ಕನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ತಾನೇ ಮುಂದಾಗಿ ನುಗ್ಗಿಸಿದ. ಧೋಂಡಿಯ ಆ ದಿನ ಓಡಲಿಲ್ಲ, ಒಳ್ಳೆಯ ಜಾಗದಲ್ಲಿ ಗಟ್ಟಿಯಾಗಿ ನಿಂತ; ಆದರೆ ಒಂದು ಸಾಲಾಗಿ, ಒಂದೇ ವೇಗದಲ್ಲಿ ನುಗ್ಗುವ ಕುದುರೆಪಡೆಯನ್ನು ಸಿಲ್ಲೇದಾರ ಕುದುರೆ ತಡೆಯಲಾರದು. ಅವನು ಅಲ್ಲೇ ಬಿದ್ದ. ಹೆಣವನ್ನು ಗುರುತಿಸಿ, ಫಿರಂಗಿ ಗಾಡಿಗೆ ಕಟ್ಟಿ ಇಂಗ್ಲಿಷ್ ಬಿಡಾರಕ್ಕೆ ತಂದರು.

ಸಾಮಾನಿನ ನಡುವೆ ಅವನ ಮಗ, ಸುಮಾರು ನಾಲ್ಕು ವರ್ಷದ ಸಲಾಬತ್ ಖಾನ್, ಸಿಕ್ಕಿದ. ವೆಲ್ಲೆಸ್ಲಿ ಅವನನ್ನು ತನ್ನ ಡೇರೆಗೆ ಕರೆದೊಯ್ದು ಸಾಕಿದ, ಭಾರತ ಬಿಡುವಾಗ ಖರ್ಚಿಗೆ ಹಣವಿಟ್ಟುಹೋದ. ಹುಡುಗ ಬೆಳೆದು ಮೈಸೂರು ಅರಸರ ಚಾಕರಿ ಸೇರಿ 1822ರಲ್ಲಿ ಕಾಲರಾದಿಂದ ತೀರಿಕೊಂಡ. ಇಂಗ್ಲಿಷ್ ಜೀವನಚರಿತ್ರೆಗಳು ಈ ಪ್ರಸಂಗವನ್ನು ವೆಲ್ಲೆಸ್ಲಿಯ ಉದಾರತೆಗೆ ಸಾಕ್ಷಿಯಾಗಿ ಮತ್ತೆ ಮತ್ತೆ ಹೇಳುತ್ತವೆ. ರಾಣೆಬೆನ್ನೂರಿನ ಕಾವಲಿನವರ ಬಗ್ಗೆ ಅಷ್ಟು ಹೇಳುವುದಿಲ್ಲ.

ಹೋಲಿಕೆ ಮತ್ತು ಮೌಲ್ಯಮಾಪನ

ಒಂದು ಸೈನ್ಯದಲ್ಲಿ ಕಸುಬು ಕಲಿತು ಅದೇ ಕಸುಬಿನಿಂದ ರಾಜ್ಯದ ವಿರುದ್ಧ ನಿಂತವರು ಹದಿನೆಂಟನೆಯ ಶತಮಾನದಲ್ಲಿ ಹಲವರು. ವಾಷಿಂಗ್ಟನ್ 1754ರಲ್ಲಿ ವರ್ಜೀನಿಯಾ ರೆಜಿಮೆಂಟಿನ ಅಧಿಕಾರಿಯಾಗಿ ನೆಸೆಸಿಟಿ ಕೋಟೆಯಲ್ಲಿ ಫ್ರೆಂಚರಿಗೆ ಶರಣಾದ, ಮರುವರ್ಷ ಜನರಲ್ ಬ್ರಾಡಕ್‌ನ ಘೋರ ಸೋಲನ್ನು ಕಣ್ಣಾರೆ ಕಂಡ. ಅರಸನ ಸೈನ್ಯದಲ್ಲಿ ಕಾಯಂ ಹುದ್ದೆ ಬಯಸಿ ಸಿಗದೆ 1758ರಲ್ಲಿ ಬಿಟ್ಟುಬಂದ. ತಮಿಳುನಾಡಿನ ಯೂಸುಫ್ ಖಾನ್ ಕಂಪನಿಯ ಸಿಪಾಯಿಗಳ ದಳವಾಯಿಯಾಗಿ ಹೆಸರು ಮಾಡಿ, ಮಧುರೆಯ ಆಡಳಿತ ಹಿಡಿದು, ಕಂಪನಿ ಹಾಗೂ ಆರ್ಕಾಟಿನ ನವಾಬನ ವಿರುದ್ಧ ನಿಂತು 1764ರ ಅಕ್ಟೋಬರಿನಲ್ಲಿ ನೇಣಿಗೇರಿದ. ಇಬ್ಬರೂ ಅಧಿಕಾರಿಗಳು, ದಂಡಿಗೆ ಅನ್ನ, ಮದ್ದು, ಸಂಬಳ ಎಲ್ಲಿಂದ ಬರುತ್ತದೆಂದು ಒಳಗಿನಿಂದ ಬಲ್ಲವರು. ವಾಷಿಂಗ್ಟನ್ನನಿಗೆ ಬೆನ್ನಿಗೆ ವಸಾಹತುಗಳ ಶಾಸನಸಭೆಗಳೂ ಫ್ರೆಂಚರ ಹಡಗುಗಳೂ ಇದ್ದವು. ಧೋಂಡಿಯನಿಗೆ ಇದ್ದದ್ದು ಕುದುರೆಗಳು, ಹಾಗೂ ಕೆಲಸ ಕಳೆದುಕೊಂಡ ರಾವುತರ ನಂಬಿಕೆ.

ಅವನನ್ನು ಸಣ್ಣವನೆಂದು ತಿಳಿದವರು ಅವನ ಶತ್ರುಗಳಲ್ಲಿ ಕಡಿಮೆ. ಆಗ ಕೆನರಾ (ಕನ್ನಡ) ಜಿಲ್ಲೆಯ ಕಲೆಕ್ಟರಾಗಿದ್ದ ಥಾಮಸ್ ಮನ್ರೋ, ವೆಲ್ಲೆಸ್ಲಿಯನ್ನು ಅಭಿನಂದಿಸಿ ಬರೆದ ಕಾಗದದಲ್ಲಿ, ವೆಲ್ಲೆಸ್ಲಿಯೂ ಅವನ ದಂಡೂ ಅಡ್ಡ ಬರದಿದ್ದರೆ ಧೋಂಡಿಯ ಸ್ವತಂತ್ರ ಅರಸನಾಗಿ ಹೊಸ ರಾಜವಂಶವನ್ನೇ ಸ್ಥಾಪಿಸುತ್ತಿದ್ದ ಎಂಬರ್ಥದ ಮಾತು ಹೇಳಿದ್ದಾನೆ. ಹೈದರನ ಉದಾಹರಣೆ ಎಲ್ಲರ ಕಣ್ಣೆದುರಿಗಿತ್ತು. ಧೋಂಡಿಯನನ್ನು ಇಂದಿನ ಅರ್ಥದ ಸ್ವಾತಂತ್ರ್ಯ ಹೋರಾಟಗಾರ ಎನ್ನುವುದು ಅವನ ಕಾಲಕ್ಕೆ ನಮ್ಮ ಕಾಲದ ಅಂಗಿ ತೊಡಿಸಿದಂತೆ; ಸವಣೂರು, ಹಾವೇರಿಯ ರೈತರು ಅವನ ವಸೂಲಿಯನ್ನು ಹೇಗೆ ನೆನೆದಿರಬಹುದೆಂದು ಊಹಿಸುವುದು ಕಷ್ಟವಲ್ಲ. ದರೋಡೆಕೋರ ಎಂದು ಕೈತೊಳೆದುಕೊಳ್ಳುವುದಂತೂ ಇನ್ನೂ ದೊಡ್ಡ ಅನ್ಯಾಯ. ಎರಡನೆಯ ಹೈದರನಾಗಲು ಹೊರಟವನು, ಹೈದರನ ಕಾಲ ಮುಗಿದ ಮೇಲೆ ಬಂದವನು ಎಂಬುದು ಅವನಿಗೆ ಸರಿಯಾಗಿ ಹೊಂದುವ ವಿವರಣೆ.

ಅವನ ನಂತರ ನಗರ ಸೀಮೆ ಮೂವತ್ತು ವರ್ಷ ತಣ್ಣಗಿತ್ತು. 1830ರಲ್ಲಿ ಎದ್ದ ನಗರದ ದಂಗೆ ಬೇರೆಯೇ ಬಗೆಯದು. ಗುತ್ತಿಗೆಯ ಕಂದಾಯ ವಸೂಲಿಗೆ ರೋಸಿಹೋದ ರೈತರು ಆನಂದಪುರದ ಬಳಿಯ ಹೊಸಂತೆಯಲ್ಲಿ ಕೂಟ ಸೇರಿದರು. ಬೂದಿ ಬಸವಪ್ಪ ಎಂಬವನು ನಗರದ ಹಳೆಯ ಅರಸು ಮನೆತನದವನೆಂದು ಹೇಳಿಕೊಂಡು ಮುಂದಾಳಾದ. ತರೀಕೆರೆಯ ಪಾಳೆಯಗಾರರ ವಂಶದ ರಂಗಪ್ಪ ನಾಯಕನೂ ಕೂಡಿಕೊಂಡ. ಧೋಂಡಿಯನಲ್ಲಿ ಕುದುರೆಗಳಿದ್ದವು, ರೈತರಿರಲಿಲ್ಲ. ಇವರಲ್ಲಿ ರೈತರಿದ್ದರು, ಕುದುರೆಗಳಿರಲಿಲ್ಲ. ಈ ದಂಗೆಯೂ ದಂಡಿನಿಂದಲೇ ಅಡಗಿತು. ಅದನ್ನೇ ನೆಪಮಾಡಿಕೊಂಡು ಗವರ್ನರ್ ಜನರಲ್ ಬೆಂಟಿಂಕ್ 1831ರಲ್ಲಿ ಮೈಸೂರಿನ ಆಡಳಿತವನ್ನು ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಕಿತ್ತುಕೊಂಡ. ಅದು ಅರಸು ಮನೆತನಕ್ಕೆ ಮರಳಿದ್ದು 1881ರಲ್ಲಿ.